ಲಿಂಗ ಸಮಾನತೆ, ಸಾರ್ವಜನಿಕ ಆರೋಗ್ಯ: ಬೆಂಗಳೂರಿನಲ್ಲಿ ಇಂಟರ್ನ್‌ಶಿಪ್ ಮಾಡಬೇಕೆಂದಿರುವವರಿಗೆ

ಬಿಎ, ಎಂಎಸ್‌ಡಬ್ಲ್ಯೂ, ನರ್ಸಿಂಗ್, ಕಾನೂನು, ಸಾರ್ವಜನಿಕ ಆರೋಗ್ಯ, ಹೀಗೆ ಏನು ಓದುತ್ತಿದ್ದರೂ ಈಗ ಇಂಟರ್ನ್‌ಶಿಪ್ ತಪ್ಪಿದ್ದಲ್ಲ. ಹೆಣ್ಣುಮಕ್ಕಳ ಹಕ್ಕು, ಆರೋಗ್ಯದ ವಿಷಯದಲ್ಲಿ ಆಸಕ್ತಿ ಇರುವ ಎಷ್ಟೋ ವಿದ್ಯಾರ್ಥಿಗಳಿಗೆ ಎಲ್ಲಿ ಕೇಳಬೇಕು ಅಂತಲೇ ಗೊತ್ತಿರುವುದಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಂತೂ 'ಅಲ್ಲೆಲ್ಲ ಇಂಗ್ಲಿಷ್ ಬೇಕು, ನಮಗಾಗಲ್ಲ' ಅಂತ ಮೊದಲೇ ಕೈಬಿಡುತ್ತಾರೆ.

ಇದು ಉಲ್ಟಾ ಲೆಕ್ಕ. ವರದಿ ಇಂಗ್ಲಿಷ್‌ನಲ್ಲಿ ಇರಬಹುದು, ಮೀಟಿಂಗ್ ಕೂಡ ಇರಬಹುದು. ಆದರೆ ಕೆಲಸ ನಡೆಯುವುದು ಅಂಗನವಾಡಿಯ ಚಾಪೆಯ ಮೇಲೆ, ಹೆರಿಗೆ ಆಸ್ಪತ್ರೆಯ ಕಾರಿಡಾರಿನಲ್ಲಿ, ಗಾರ್ಮೆಂಟ್ಸ್ ಗೇಟಿನ ಮುಂದೆ. ಅಲ್ಲಿ ಮಾತು ಕನ್ನಡ, ತಮಿಳು, ತೆಲುಗು, ಉರ್ದು. ದೊಡ್ಡ ಕಾಲೇಜಿನಿಂದ ಬಂದ ಇಂಟರ್ನ್ ಪ್ರಶ್ನಾವಳಿ ಹಿಡಿದು ತಡವರಿಸುವ ಜಾಗದಲ್ಲಿ ಕೋಲಾರದಿಂದಲೋ ತುಮಕೂರಿನಿಂದಲೋ ಬಂದ ಹುಡುಗಿ ಎರಡು ನಿಮಿಷದಲ್ಲಿ ಮಾತು ಶುರು ಮಾಡಿಬಿಡುತ್ತಾಳೆ. ಅರ್ಜಿ ಬರೆಯುವಾಗ ಈ ಶಕ್ತಿಯನ್ನು ಮುಂದಿಡುವುದು ಹೇಗೆ, ಸೇರಿದ ಮೇಲೆ ಬಳಸುವುದು ಹೇಗೆ ಅನ್ನುವುದೇ ಈ ಬರಹದ ಮುಖ್ಯ ವಿಷಯ.

ಮೊದಲು ನಿಮ್ಮ ಪ್ರಶ್ನೆ ಯಾವುದು ಅಂತ ನೋಡಿಕೊಳ್ಳಿ

'ಮಹಿಳಾ ಸಬಲೀಕರಣದಲ್ಲಿ ಆಸಕ್ತಿ ಇದೆ' ಅಂತ ಬರೆದ ಪತ್ರಗಳು ಪ್ರತಿ ಸಂಸ್ಥೆಗೂ ರಾಶಿ ರಾಶಿ ಬರುತ್ತವೆ. ಅದರಿಂದ ಓದುವವರಿಗೆ ಏನೂ ತಿಳಿಯುವುದಿಲ್ಲ. ಒಂದು ಪ್ರಶ್ನೆ ಇಟ್ಟುಕೊಂಡು ಹೋದರೆ ಕಥೆಯೇ ಬೇರೆ.

ಪ್ರಶ್ನೆ ಹುಡುಕಲು ಸುಲಭದ ದಾರಿ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಇದರ ಐದನೇ ಸುತ್ತಿನ ಕರ್ನಾಟಕದ ಸಾರಾಂಶ ಕೆಲವೇ ಪುಟಗಳದ್ದು. ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಒಂದು ಸಂಜೆ ಕೂತು ಓದಿ. 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ 47.8% ಜನರಿಗೆ ರಕ್ತಹೀನತೆ ಇದೆ ಅಂತ ಅದರಲ್ಲಿದೆ. ಕಬ್ಬಿಣಾಂಶದ ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತದೆ. ಹಾಗಿದ್ದೂ ಯಾಕೆ ಇಷ್ಟು? ಮನೆಯಲ್ಲಿ ಕೊನೆಗೆ ಊಟ ಮಾಡುವವರು ಯಾರು, ಮೊಟ್ಟೆ ಯಾರ ತಟ್ಟೆಗೆ ಹೋಗುತ್ತದೆ, ಮಾತ್ರೆ ತಿಂದು ಹೊಟ್ಟೆ ಕೆಟ್ಟರೆ ಯಾರ ಹತ್ತಿರ ಹೇಳಿಕೊಳ್ಳುತ್ತಾರೆ? ಆರೋಗ್ಯದ ಪ್ರಶ್ನೆ ಲಿಂಗ ಸಮಾನತೆಯ ಪ್ರಶ್ನೆಯಾಗುವುದು ಇಲ್ಲಿ.

ಅದೇ ಸಮೀಕ್ಷೆಯಲ್ಲಿ ಇನ್ನೊಂದು ಅಂಕಿ ಇದೆ. ಮದುವೆಯಾದ 18ರಿಂದ 49 ವಯಸ್ಸಿನ ಮಹಿಳೆಯರಲ್ಲಿ 44.4% ಜನ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದಾರೆ. ಹಿಂದಿನ ಸುತ್ತಿನಲ್ಲಿ ಇದು 20.6% ಇತ್ತು. ಹಿಂಸೆಯೇ ದುಪ್ಪಟ್ಟಾಯಿತಾ, ಅಥವಾ ಹೇಳಿಕೊಳ್ಳುವ ಧೈರ್ಯ ಹೆಚ್ಚಾಯಿತಾ, ಕೇಳುವ ರೀತಿ ಬದಲಾಯಿತಾ? ಒಂದೇ ಅಂಕಿಯಿಂದ ತೀರ್ಮಾನಕ್ಕೆ ಬರುವಂತಿಲ್ಲ. ಸಂದರ್ಶನದಲ್ಲಿ ಇಷ್ಟು ಹೇಳಿದರೂ ಎದುರಿಗಿರುವವರು ನಿಮ್ಮನ್ನು ಬೇರೆ ಥರ ನೋಡುತ್ತಾರೆ.

ಕುಟುಂಬ ಯೋಜನೆಯ ಸಾಲನ್ನೂ ನೋಡಿ. ಹೆಂಗಸರ ಸಂತಾನಹರಣ ಶಸ್ತ್ರಚಿಕಿತ್ಸೆ 57% ದಾಟಿದೆ, ಗಂಡಸರದ್ದು ಹೆಚ್ಚುಕಡಿಮೆ ಸೊನ್ನೆ. ಗಂಡಸರದ್ದೇ ಸುಲಭದ ಆಪರೇಷನ್ ಅನ್ನುವುದು ಗೊತ್ತಿದ್ದೂ ಹೀಗೆ. ಹುಡುಗರು ಈ ಕ್ಷೇತ್ರಕ್ಕೆ ಬಂದು ಏನು ಮಾಡಬೇಕು ಅಂತ ಕೇಳುವವರಿಗೆ ಈ ಸೊನ್ನೆಯನ್ನು ತೋರಿಸಬಹುದು.

ಅಂಕಿ ಅಂಶ ಬೇಡ ಅನ್ನುವವರು ಸುದ್ದಿಯಿಂದಲೇ ಶುರು ಮಾಡಬಹುದು. 2023ರ ಕೊನೆಯಲ್ಲಿ ಬೈಯಪ್ಪನಹಳ್ಳಿ ಪೊಲೀಸರು ಭ್ರೂಣಲಿಂಗ ಪತ್ತೆಯ ಜಾಲವೊಂದನ್ನು ಹಿಡಿದರು. ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ನಡೆಯುತ್ತಿತ್ತು. ಭ್ರೂಣಲಿಂಗ ಪತ್ತೆ ತಡೆ ಕಾನೂನು ಬಂದಿದ್ದು 1994ರಲ್ಲಿ. ಇಷ್ಟು ವರ್ಷವಾದ ಮೇಲೂ ಜನ ಅಷ್ಟು ದೂರ ಹೋಗಿ ದುಡ್ಡು ಕೊಟ್ಟು ಸ್ಕ್ಯಾನ್ ಮಾಡಿಸಿಕೊಂಡರು ಅಂದರೆ ಕಾನೂನಿನ ಆಚೆಗೂ ನೋಡುವುದಿದೆ ಅಲ್ವಾ?

ಯಾವ ಬಗೆಯ ಕೆಲಸ ನಿಮಗೆ ಒಗ್ಗುತ್ತದೆ

ಇಂಟರ್ನ್‌ಶಿಪ್ ಅಂದರೆ ಒಂದೇ ಕೆಲಸವಲ್ಲ. ಕೆಲವರಿಗೆ ಬಡಾವಣೆ ಸುತ್ತುವುದು ಇಷ್ಟ. ಕೆಲವರಿಗೆ ಕೂತು ಅಂಕಿ ಜೋಡಿಸುವುದು ಇಷ್ಟ. ಎರಡನೆಯದರಲ್ಲಿ ತಪ್ಪೇನೂ ಇಲ್ಲ. ಎಕ್ಸೆಲ್ ಸರಿಯಾಗಿ ಬರುವ ಇಂಟರ್ನ್ ಸಿಕ್ಕರೆ ಸಂಸ್ಥೆಗಳಿಗೆ ಹಬ್ಬ.

ಇನ್ನು ಸಂದರ್ಶನಗಳನ್ನು ಕೇಳಿ ಬರೆದಿಳಿಸುವ ಕೆಲಸ ಇದೆ. ಒಂದು ಗಂಟೆಯ ಮಾತನ್ನು ಬರೆದಿಳಿಸಲು ನಾಲ್ಕೈದು ಗಂಟೆ ಹಿಡಿಯುತ್ತದೆ. ಬೇಜಾರಿನ ಕೆಲಸ ಅನ್ನಿಸುತ್ತದೆ. ಆದರೆ ಒಬ್ಬ ಹೆಂಗಸು ಎಲ್ಲಿ ತಡೆದು ಮಾತಾಡುತ್ತಾಳೆ, ಎಲ್ಲಿ ನಕ್ಕು ಮಾತು ತೇಲಿಸುತ್ತಾಳೆ ಅನ್ನುವುದು ಈ ಕೆಲಸದಲ್ಲೇ ಕಿವಿಗೆ ಬೀಳುವುದು. ಕನ್ನಡ ಟೈಪಿಂಗ್ ಬರುತ್ತದೆ, ಹಳ್ಳಿ ಕನ್ನಡವೂ ಅರ್ಥವಾಗುತ್ತದೆ ಅಂದರೆ ನಿಮಗೆ ಇಲ್ಲಿ ಪೈಪೋಟಿ ಕಡಿಮೆ.

ಕಾನೂನು ಓದುವವರಿಗೆ ಕೌಟುಂಬಿಕ ಹಿಂಸೆ, ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಕಾನೂನು), ಗರ್ಭಪಾತದ ಕಾನೂನು, ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ಸಂಶೋಧನೆ ಇರುತ್ತದೆ. ಚಿತ್ರ ಬರೆಯುವವರು, ನಾಟಕ ಆಡುವವರಿಗೆ ಜಾಗೃತಿ ಸಾಮಗ್ರಿ ತಯಾರಿಸುವ ಕೆಲಸ ಇರುತ್ತದೆ. ಆಪ್ತಸಮಾಲೋಚನೆಯನ್ನು ಮಾತ್ರ ತರಬೇತಿ ಇಲ್ಲದ ವಿದ್ಯಾರ್ಥಿಯ ಕೈಗೆ ಯಾವ ಒಳ್ಳೆಯ ಸಂಸ್ಥೆಯೂ ಕೊಡುವುದಿಲ್ಲ. ಮೊದಲ ದಿನವೇ 'ನೀವೇ ಕೌನ್ಸೆಲಿಂಗ್ ಮಾಡಿ' ಅಂದರೆ ಅಲ್ಲಿ ಏನೋ ಸರಿ ಇಲ್ಲ ಅಂತ ತಿಳಿಯಿರಿ.

ಎಲ್ಲಿ ಕೇಳಬೇಕು

ಬೆಂಗಳೂರಿನ ಪುಣ್ಯ, ಈ ವಿಷಯದಲ್ಲಿ ಕೆಲಸ ಮಾಡುವವರು ಇಲ್ಲಿ ತುಂಬಾ ಇದ್ದಾರೆ. ಸಮುದಾಯ ಆರೋಗ್ಯ ಕಲಿಯಬೇಕು ಅಂದರೆ ಕೋರಮಂಗಲದ ಸೋಚಾರ ಹಳೆಯ ಹೆಸರು. 1980ರ ದಶಕದಲ್ಲಿ ಸಮುದಾಯ ಆರೋಗ್ಯ ಘಟಕವಾಗಿ ಶುರುವಾದ ಸಂಸ್ಥೆ ಅದು. ಅಲ್ಲಿನ ಗ್ರಂಥಾಲಯದಲ್ಲಿ ಸಮುದಾಯ ಆರೋಗ್ಯದ ಬಗ್ಗೆ ಓದಲು ಬೇಕಾದಷ್ಟಿದೆ. ಸಂಶೋಧನೆಯ ಕಡೆ ಒಲವಿದ್ದರೆ ಇನ್‌ಸ್ಟಿಟ್ಯೂಟ್ ಆಫ್ ಪಬ್ಲಿಕ್ ಹೆಲ್ತ್ ಇದೆ. ಕರ್ನಾಟಕ ಆರೋಗ್ಯ ಸಂವರ್ಧನ ಟ್ರಸ್ಟ್, ಅಂದರೆ ಕೆಎಚ್‌ಪಿಟಿ, 2003ರಲ್ಲಿ ಎಚ್‌ಐವಿ ತಡೆ ಕೆಲಸದಿಂದ ಬೆಳೆದು ಈಗ ಕ್ಷಯ, ತಾಯಿ ಮಗುವಿನ ಆರೋಗ್ಯ, ಹದಿಹರೆಯದ ಹುಡುಗಿಯರ ಕಾರ್ಯಕ್ರಮಗಳವರೆಗೆ ಹರಡಿದೆ.

ಮಹಿಳೆಯರ ಮೇಲಿನ ಹಿಂಸೆಯ ವಿಷಯಕ್ಕೆ ವಿಮೋಚನಾ 1979ರಿಂದ ಇದೆ. ವರದಕ್ಷಿಣೆ ಸಾವು, ಮದುವೆಯಾದ ಹೆಣ್ಣುಮಕ್ಕಳ ಅಸಹಜ ಸಾವುಗಳ ಬಗ್ಗೆ ಈ ಊರಿನಲ್ಲಿ ಮೊದಲು ಗಟ್ಟಿಯಾಗಿ ಮಾತಾಡಿದವರಲ್ಲಿ ಅವರೂ ಸೇರಿದ್ದಾರೆ. ಹೆಂಗಸರ ಹಕ್ಕಿನ ಸಂಘ ಕಾನೂನು ತಿಳಿವಳಿಕೆಯನ್ನು ಕನ್ನಡದಲ್ಲೇ ಜನರಿಗೆ ಮುಟ್ಟಿಸಿದ ಸಂಘಟನೆ. ಮಕ್ಕಳ ಲೈಂಗಿಕ ಸುರಕ್ಷತೆ, ಲೈಂಗಿಕ ಶಿಕ್ಷಣಕ್ಕೆ ಎನ್‌ಫೋಲ್ಡ್ ಟ್ರಸ್ಟ್ ಇದೆ. ಇಬ್ಬರು ಸ್ತ್ರೀರೋಗ ತಜ್ಞೆಯರು 2001ರಲ್ಲಿ ಕಟ್ಟಿದ್ದು. ಲಿಂಗತ್ವ ಅಲ್ಪಸಂಖ್ಯಾತರ ನಡುವೆ ಸಂಗಮ ಕೆಲಸ ಮಾಡುತ್ತದೆ. ಸರ್ಕಾರಿ ನೇಮಕಾತಿಯಲ್ಲಿ ಟ್ರಾನ್ಸ್‌ಜೆಂಡರ್ ಸಮುದಾಯಕ್ಕೆ 2021ರಲ್ಲಿ 1% ಮೀಸಲಾತಿ ಬಂದಿದ್ದರ ಹಿಂದೆ ಸಂಗಮ ಹೈಕೋರ್ಟಿಗೆ ಹೋದ ಕಥೆ ಇದೆ. ಕಾನೂನು ವಿದ್ಯಾರ್ಥಿಗಳು ಆಲ್ಟರ್ನೇಟಿವ್ ಲಾ ಫೋರಂ ಮತ್ತು ಸೆಂಟರ್ ಫಾರ್ ಲಾ ಅಂಡ್ ಪಾಲಿಸಿ ರಿಸರ್ಚ್ ಎರಡನ್ನೂ ನೋಡಬೇಕು. ಅಂಗವಿಕಲ ಮಹಿಳೆಯರ ವಿಷಯ ಆದರೆ ಲಿಂಗರಾಜಪುರದ ಎಪಿಡಿ, ಅಂದರೆ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸಬಿಲಿಟಿ.

ಆಸ್ಪತ್ರೆ, ವಿಶ್ವವಿದ್ಯಾಲಯಗಳ ದಾರಿ ಬೇರೆ. ನಿಮ್ಹಾನ್ಸ್, ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಮುದಾಯ ಆರೋಗ್ಯ ವಿಭಾಗ, ನಾಗರಭಾವಿಯ ಐಸೆಕ್‌ನ (ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ) ಜನಸಂಖ್ಯಾ ಸಂಶೋಧನಾ ಕೇಂದ್ರ, ಇವುಗಳಲ್ಲಿ ವಿಭಾಗದ ಮುಖ್ಯಸ್ಥರಿಗೆ ಕಾಲೇಜಿನ ಪತ್ರದ ಜೊತೆ ಬರೆಯಬೇಕು. ವಾಣಿವಿಲಾಸ, ಘೋಷಾ ಆಸ್ಪತ್ರೆಯಂಥ ಸರ್ಕಾರಿ ಹೆರಿಗೆ ಆಸ್ಪತ್ರೆಗಳಲ್ಲಿ ಮೇಲಿನ ಅನುಮತಿ ಇಲ್ಲದೆ ವಾರ್ಡಿನೊಳಗೆ ಹೋಗುವಂತಿಲ್ಲ. ಅನುಮತಿಗೆ ಕಚೇರಿ ಅಲೆಯಬೇಕಾಗಬಹುದು. ಹಾಗಾಗಿ ಒಂದು ತಿಂಗಳಷ್ಟೇ ರಜೆ ಇರುವವರು ಸಂಸ್ಥೆಯ ಮೂಲಕ ಹೋಗುವುದು ಮೇಲು.

ಸರ್ಕಾರದ ಕಡೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ, ರಾಜ್ಯ ಮಹಿಳಾ ಆಯೋಗ, ಇನ್‌ಫಂಟ್ರಿ ರಸ್ತೆಯ ಪೊಲೀಸ್ ಆಯುಕ್ತರ ಕಚೇರಿಯ ವನಿತಾ ಸಹಾಯವಾಣಿ ಇವೆ. ಪಾಲಿಕೆಯ ಆರೋಗ್ಯ ಕೇಂದ್ರಗಳಿಗೆ ಪತ್ರ ಬರೆಯುವಾಗ ವಿಳಾಸ ನೋಡಿಕೊಳ್ಳಿ. 2025ರಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳಾಗಿವೆ. ನಿಮ್ಮ ಬಡಾವಣೆ ಯಾವುದಕ್ಕೆ ಬರುತ್ತದೆ ಅಂತ ಮೊದಲು ತಿಳಿದುಕೊಳ್ಳಿ. ಇಲ್ಲದಿದ್ದರೆ ಪತ್ರ ಸುಮ್ನೆ ಮೇಜಿನಿಂದ ಮೇಜಿಗೆ ಓಡಾಡುತ್ತದೆ.

ಮೇಲಿನ ಹೆಸರುಗಳೆಲ್ಲ ಎಲ್ಲ ಕಾಲದಲ್ಲೂ ಇಂಟರ್ನ್‌ಗಳನ್ನು ತೆಗೆದುಕೊಳ್ಳುತ್ತವೆ ಅಂತಲ್ಲ. ಯೋಜನೆ ಇದ್ದಾಗ, ನೋಡಿಕೊಳ್ಳುವವರು ಇದ್ದಾಗ ತೆಗೆದುಕೊಳ್ಳುತ್ತವೆ. ಕೇಳುವುದೊಂದೇ ದಾರಿ.

ಯಾವಾಗ, ಹೇಗೆ ಬರೆಯಬೇಕು

ಪರೀಕ್ಷೆ ಮುಗಿದ ಮೇಲೆ ಹುಡುಕಲು ಹೊರಟರೆ ತಡವಾಯಿತು ಅಂತಲೇ ಲೆಕ್ಕ. ಎರಡು ಮೂರು ತಿಂಗಳು ಮೊದಲೇ ಬರೆಯಿರಿ. ಬೇಸಿಗೆಯಲ್ಲಿ ಎಲ್ಲ ಕಾಲೇಜಿನವರೂ ಒಟ್ಟಿಗೆ ಮುಗಿಬೀಳುತ್ತಾರೆ. ನವೆಂಬರ್ 25ರಿಂದ ಡಿಸೆಂಬರ್ 10ರವರೆಗೆ ಮಹಿಳೆಯರ ಮೇಲಿನ ಹಿಂಸೆಯ ವಿರುದ್ಧದ ಹದಿನಾರು ದಿನಗಳ ಅಭಿಯಾನ, ನಡುವೆ ಡಿಸೆಂಬರ್ 1ಕ್ಕೆ ಏಡ್ಸ್ ದಿನ, ಆಮೇಲೆ ಮಾರ್ಚ್ 8. ಈ ದಿನಗಳ ಸುತ್ತ ಸಂಸ್ಥೆಗಳಿಗೆ ಕೈಗಳು ಸಾಲುವುದಿಲ್ಲ. ಆಗ ಸ್ವಯಂಸೇವಕರಾಗಿ ಒಂದೆರಡು ದಿನ ಹೋಗಿ ಕುರ್ಚಿ ಎತ್ತಿಟ್ಟವರಿಗೆ ಬೇಸಿಗೆಯಲ್ಲಿ ಬಾಗಿಲು ಬೇಗ ತೆರೆಯುತ್ತದೆ.

ಪತ್ರ ಚಿಕ್ಕದಿರಲಿ. ನೀವು ಯಾರು, ಯಾವ ಪ್ರಶ್ನೆ, ಏನು ಮಾಡಬಲ್ಲಿರಿ, ಯಾವ ದಿನಗಳಲ್ಲಿ ಬರಬಲ್ಲಿರಿ, ಇಷ್ಟೇ. ಉದಾಹರಣೆಗೆ ಹೀಗೆ:

'ನಾನು ಎಂಎಸ್‌ಡಬ್ಲ್ಯೂ ಎರಡನೇ ವರ್ಷದ ವಿದ್ಯಾರ್ಥಿನಿ. ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುವ ಮಹಿಳೆಯರು ಆಸ್ಪತ್ರೆಗೆ ಹೋಗುವುದನ್ನು ಯಾಕೆ ಮುಂದೂಡುತ್ತಾರೆ ಎಂದು ತಿಳಿಯುವ ಆಸಕ್ತಿ ಇದೆ. ಕನ್ನಡ, ತೆಲುಗು ಚೆನ್ನಾಗಿ ಮಾತಾಡುತ್ತೇನೆ, ತಮಿಳು ಅರ್ಥವಾಗುತ್ತದೆ. ಕನ್ನಡ ಟೈಪಿಂಗ್ ಮತ್ತು ಎಕ್ಸೆಲ್ ಬರುತ್ತದೆ. ಮೇ ಮೊದಲ ವಾರದಿಂದ ಆರು ವಾರ ಪೂರ್ತಿ ಬರಬಲ್ಲೆ. ನಿಮ್ಮ ಕಳೆದ ವರ್ಷದ ವರದಿಯಲ್ಲಿ ಪೀಣ್ಯದ ಕೆಲಸದ ಬಗ್ಗೆ ಓದಿದೆ, ಅದರಲ್ಲಿ ಯಾವುದಾದರೂ ಸಹಾಯ ಬೇಕಿದ್ದರೆ ತಿಳಿಸಿ.'

ಕೊನೆಯ ಸಾಲು ಮುಖ್ಯ. ಆದರೆ ಆ ವರದಿಯನ್ನು ನಿಜವಾಗಿ ಓದಿರಬೇಕು. ಇಂಗ್ಲಿಷ್‌ನಲ್ಲಿ ಬರೆಯಬೇಕಾಗಿ ಬಂದರೂ ಇದೇ ಅಳತೆ. ಕೃತಕ ಬುದ್ಧಿಮತ್ತೆಯಿಂದ ಬರೆಸಿದ ಉದ್ದುದ್ದ ಪತ್ರಗಳು ಎಲ್ಲವೂ ಒಂದೇ ಥರ ಇರುತ್ತವೆ, ಓದುವವರಿಗೆ ಮೂರನೇ ಸಾಲಿಗೇ ಗೊತ್ತಾಗುತ್ತದೆ. ಹತ್ತು ದಿನ ಉತ್ತರ ಬರದಿದ್ದರೆ ಒಮ್ಮೆ ಫೋನ್ ಮಾಡಿ. ಚಿಕ್ಕ ಸಂಸ್ಥೆಗಳಲ್ಲಿ ಇಮೇಲ್ ನೋಡುವವರೂ ಕ್ಷೇತ್ರಕ್ಕೆ ಹೋಗುವವರೂ ಒಬ್ಬರೇ ಆಗಿರುತ್ತಾರೆ. ಫೋನಿನಲ್ಲಿ ಸುತ್ತಿ ಬಳಸಬೇಡಿ. 'ನಮಸ್ಕಾರ ಮೇಡಂ, ಇಂಥ ದಿನ ಇಮೇಲ್ ಕಳಿಸಿದ್ದೆ' ಅಂತ ಶುರು ಮಾಡಿದರೆ ಸಾಕು.

ಜೊತೆಗೆ ಒಂದು ಪುಟದ ಸ್ವವಿವರ, ಕಾಲೇಜಿನ ಪತ್ರ, ಗುರುತಿನ ಚೀಟಿ. ಆಸ್ಪತ್ರೆಗೆ ಹೋಗುವವರು ಹೆಪಟೈಟಿಸ್ ಬಿ ಲಸಿಕೆ ಆಗಿದೆಯೇ ನೋಡಿಕೊಳ್ಳಿ.

ಒಪ್ಪಿಕೊಳ್ಳುವ ಮುಂಚೆ ಕೇಳಬೇಕಾದ್ದು

ದುಡ್ಡಿನ ವಿಷಯ ಕೇಳಲು ನಾಚಿಕೆ ಬೇಡ. ಹೆಚ್ಚಿನ ಸಣ್ಣ ಸಂಸ್ಥೆಗಳಲ್ಲಿ ಸ್ಟೈಪೆಂಡ್ ಇರುವುದಿಲ್ಲ, ಓಡಾಟದ ಖರ್ಚು ಕೊಟ್ಟರೆ ಅದೇ ದೊಡ್ಡದು. ಸಮಾನತೆಯ ಬಗ್ಗೆ ಮಾತಾಡುವ ಕ್ಷೇತ್ರದಲ್ಲಿ ಪುಕ್ಕಟೆ ದುಡಿಯಲು ಆಗುವವರಿಗೆ ಮಾತ್ರ ಅವಕಾಶ ಸಿಗುತ್ತದೆ ಅನ್ನುವುದು ನನಗಂತೂ ಸರಿ ಕಾಣುವುದಿಲ್ಲ. ಹಾಗಾಗಿ ಕೇಳಿ. ಬಸ್ಸು, ಊಟದ ಖರ್ಚನ್ನಾದರೂ ಕೊಡುತ್ತೀರಾ ಅಂತ ಕೇಳಿ. ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ ಮಾಡಬಹುದಾ ಅಂತ ಕೇಳಿ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಇದ್ದರೆ ಹುಡುಗಿಯರಿಗೆ, ಲಿಂಗತ್ವ ಅಲ್ಪಸಂಖ್ಯಾತರಿಗೆ ಶಕ್ತಿ ಯೋಜನೆಯಲ್ಲಿ ಬಿಎಂಟಿಸಿ ಸಾಮಾನ್ಯ ಬಸ್ಸು ಉಚಿತ. ಇದರಿಂದ ಕ್ಷೇತ್ರ ಕೆಲಸದ ಅರ್ಧ ಖರ್ಚು ಉಳಿಯುತ್ತದೆ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ನೋಂದಣಿ ಶುಲ್ಕ ಕಟ್ಟಿ, ಮನೆಯಲ್ಲೇ ಕೂತು ಪೋಸ್ಟರ್ ಹಂಚಿ, ಇಷ್ಟು ದೇಣಿಗೆ ಸಂಗ್ರಹಿಸಿದರೆ ಪ್ರಮಾಣಪತ್ರ ಅನ್ನುವ ವಾಟ್ಸ್‌ಆ್ಯಪ್ ಸಂದೇಶಗಳಿಗೆ ಮರುಳಾಗಬೇಡಿ. ಅದು ಇಂಟರ್ನ್‌ಶಿಪ್ ಅಲ್ಲ, ವ್ಯಾಪಾರ. ಸಂಸ್ಥೆ ಅಸಲಿಯೇ ಅಂತ ತಿಳಿಯಲು ಸರ್ಕಾರದ ಎನ್‌ಜಿಒ ದರ್ಪಣ್ ಜಾಲತಾಣದಲ್ಲಿ ಹೆಸರು ಹುಡುಕಿ, ವಾರ್ಷಿಕ ವರದಿ ಇದೆಯಾ ನೋಡಿ.

ನಿಮ್ಮನ್ನು ನೋಡಿಕೊಳ್ಳುವವರು ಯಾರು, ವಾರಕ್ಕೆ ಎಷ್ಟು ಸಲ ಕೂತು ಮಾತಾಡುತ್ತಾರೆ ಅನ್ನುವುದನ್ನೂ ಕೇಳಿ. ಸಂಸ್ಥೆಯ ಹೆಸರಿಗಿಂತ ಇದು ಮುಖ್ಯ. ದೊಡ್ಡ ಹೆಸರಿನ ಕಡೆ ಮೂಲೆಯಲ್ಲಿ ಕೂತು ಫೋಟೊಕಾಪಿ ಮಾಡುವುದಕ್ಕಿಂತ, ಹೇಳಿಕೊಡುವ ಮನಸ್ಸಿರುವ ಒಬ್ಬ ಅಕ್ಕನ ಜೊತೆ ಚಿಕ್ಕ ಸಂಸ್ಥೆಯಲ್ಲಿ ತಿರುಗಾಡಿದರೆ ಹತ್ತು ಪಟ್ಟು ಕಲಿಯುತ್ತೀರಿ.

ಕೊನೆಯ ಪ್ರಶ್ನೆ: ಆಂತರಿಕ ದೂರು ಸಮಿತಿ ಇದೆಯಾ? ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾನೂನು ಇಂಟರ್ನ್‌ಗಳಿಗೂ ಅನ್ವಯಿಸುತ್ತದೆ. ಸಂಬಳ ಇಲ್ಲದಿದ್ದರೂ, ಸ್ವಯಂಸೇವಕರಾಗಿ ಬಂದಿದ್ದರೂ ಅಷ್ಟೇ. ಹತ್ತು ಅಥವಾ ಜಾಸ್ತಿ ಜನ ಇರುವ ಕಡೆ ಸಮಿತಿ ಇರಲೇಬೇಕು. ಅದಕ್ಕಿಂತ ಚಿಕ್ಕ ಜಾಗವಾದರೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಘಟನೆ ನಡೆದ ಮೂರು ತಿಂಗಳೊಳಗೆ ಕೊಡಬೇಕು, ಕಾರಣ ಇದ್ದರೆ ಇನ್ನೂ ಮೂರು ತಿಂಗಳು ವಿಸ್ತರಿಸುತ್ತಾರೆ. ಹೆಣ್ಣುಮಕ್ಕಳ ಪರ ಕೆಲಸ ಮಾಡುವ ಸಂಸ್ಥೆಯಲ್ಲಿ ಇದನ್ನೆಲ್ಲ ಕೇಳುವುದು ಯಾಕೆ ಅನ್ನಬೇಡಿ. ಅಲ್ಲಿಯೂ ಕೇಳಬೇಕು.

ಮೊದಲ ವಾರ: ಆಶಾ ಅಕ್ಕನ ಹಿಂದೆ

ಮೊದಲ ವಾರ ಪ್ರಶ್ನೆ ಕೇಳುವುದನ್ನು ಕಡಿಮೆ ಮಾಡಿ, ಜೊತೆಗೆ ನಡೆಯಿರಿ. ಡಿ.ಜೆ. ಹಳ್ಳಿ, ಲಗ್ಗೆರೆ, ಕೋರಮಂಗಲದ ಹಿಂದಿನ ರಾಜೇಂದ್ರನಗರ, ಯಾವ ಬಡಾವಣೆಯಾದರೂ ಅಲ್ಲಿ ಆಶಾ ಕಾರ್ಯಕರ್ತೆಗೆ ಗೊತ್ತಿರುವಷ್ಟು ಯಾವ ವರದಿಯಲ್ಲೂ ಇರುವುದಿಲ್ಲ. ಯಾರಿಗೆ ಎಷ್ಟನೇ ತಿಂಗಳು, ಯಾರ ತಾಯಿ ಕಾರ್ಡ್ ಇನ್ನೂ ಆಗಿಲ್ಲ, ಯಾವ ಮನೆಯಲ್ಲಿ ಗಂಡ ಇದ್ದಾಗ ಹೋಗಬಾರದು, ಎಲ್ಲ ಅವರ ತಲೆಯಲ್ಲಿರುತ್ತದೆ. ಇಷ್ಟೆಲ್ಲ ಮಾಡುವ ಅವರು ಸಂಬಳದ ನೌಕರರಲ್ಲ, ಗೌರವಧನದ ಕಾರ್ಯಕರ್ತೆಯರು. 2025ರ ಜನವರಿಯಲ್ಲಿ ಚಳಿಯಲ್ಲೇ ಫ್ರೀಡಂ ಪಾರ್ಕ್‌ನಲ್ಲಿ ಅವರು ಹಗಲು ರಾತ್ರಿ ಕೂತಿದ್ದು ಇದಕ್ಕೇ. ಆರೋಗ್ಯ ವ್ಯವಸ್ಥೆಯೊಳಗಿನ ಲಿಂಗ ಅಸಮಾನತೆ ನೋಡಬೇಕು ಅಂದರೆ ದೂರ ಹೋಗಬೇಕಿಲ್ಲ. ಕೆಳಗಿನ ಕೆಲಸ ಮಾಡುವವರು ಯಾರು, ಮೇಲಿನ ಕುರ್ಚಿಯಲ್ಲಿ ಕೂತವರು ಯಾರು ನೋಡಿದರೆ ಸಾಕು.

ಅವರ ಸಮಯ ಹಾಳು ಮಾಡಬೇಡಿ. ರಿಜಿಸ್ಟರ್ ಬರೆಯಲು, ಮೊಬೈಲ್‌ನಲ್ಲಿ ಮಾಹಿತಿ ತುಂಬಲು ಸಹಾಯ ಬೇಕಾ ಅಂತ ಕೇಳಿ. ಅದರ ಮಧ್ಯೆ ಬರುವ ಮಾತೇ ನಿಮ್ಮ ಪಾಠ.

ಮನೆಗಳಿಗೆ ಹೋಗುವ ಹೊತ್ತನ್ನೂ ಯೋಚಿಸಿ. ಬೆಳಿಗ್ಗೆ ನೀರು ಬರುವ ಹೊತ್ತಿಗೆ ಹೋದರೆ ಯಾರೂ ಮಾತಾಡುವುದಿಲ್ಲ. ಮನೆಯಲ್ಲಿರುವವರು ಹನ್ನೊಂದರ ಮೇಲೆ ಸಿಗುತ್ತಾರೆ. ಮನೆಕೆಲಸಕ್ಕೆ ಹೋಗುವವರು ಮಧ್ಯಾಹ್ನ ಎರಡರ ಮೇಲೆ. ಗಾರ್ಮೆಂಟ್ಸ್‌ನವರು ಭಾನುವಾರ ಮಾತ್ರ, ಅದೂ ಬಟ್ಟೆ ಒಗೆಯುತ್ತಾ. 'ನಮ್ಮ ಕ್ಲಿನಿಕ್' ಅನ್ನುವ ಸರ್ಕಾರಿ ಕ್ಲಿನಿಕ್‌ಗಳಲ್ಲಿ ಹೆಚ್ಚಿನವು ಬೆಳಿಗ್ಗೆ 9ಕ್ಕೆ ತೆರೆದು ಸಂಜೆ 4.30ರ ಹೊತ್ತಿಗೆ ಮುಚ್ಚುತ್ತವೆ. ಪೀಣ್ಯದಲ್ಲೋ ಬೊಮ್ಮನಹಳ್ಳಿಯಲ್ಲೋ ಹೊಲಿಗೆ ಯಂತ್ರದ ಮುಂದೆ ಕೂತ ಹೆಂಗಸಿನ ಪಾಳಿಯೂ ಅದೇ ಹೊತ್ತು. ಉಚಿತ ಚಿಕಿತ್ಸೆಗೆ ಹೋಗಬೇಕು ಅಂದರೆ ಅವರು ಒಂದು ದಿನದ ಕೂಲಿ ಬಿಡಬೇಕು. ನಿಮ್ಮ ಡೈರಿಯಲ್ಲಿ ಬರೆಯಬೇಕಾದ್ದು ಇಂಥ ಗಮನಿಕೆಗಳನ್ನು.

ಮಾತಾಡಿಸುವಾಗ ವಯಸ್ಸಿಗೆ ತಕ್ಕಂತೆ ಅಕ್ಕ, ಅಮ್ಮ ಅಂದರೆ ಸರಿ. 'ಫಲಾನುಭವಿ' ಅಂತ ಮುಖಕ್ಕೆ ಕರೆಯಬೇಡಿ. ಲಿಂಗತ್ವ ಅಲ್ಪಸಂಖ್ಯಾತರನ್ನು ಅವರು ಹೇಳಿಕೊಂಡ ಹೆಸರಿನಿಂದಲೇ ಕರೆಯಿರಿ, ಹಳೆಯ ಹೆಸರು ಕೇಳಲು ಹೋಗಬೇಡಿ. ಮುಟ್ಟು, ಬಿಳಿಮುಟ್ಟು, ಗರ್ಭಪಾತದ ವಿಷಯ ಬಂದಾಗ ಅವರು ಯಾವ ಮಾತು ಬಳಸುತ್ತಾರೋ ಅದನ್ನೇ ನೀವೂ ಬಳಸಿ. ಹುಡುಗರು ಇಂಥ ಮಾತು ಬಂದಾಗ ತಾವಾಗಿ ಎದ್ದು ಆಚೆ ನಿಲ್ಲುವುದು ಒಳ್ಳೆಯದು. ಆ ಹೊತ್ತಲ್ಲಿ ಹೊರಗಿರುವ ಗಂಡಸರ ಜೊತೆ ಮಾತಾಡಿ. ಯಾರೂ ಅವರನ್ನು ಮಾತಾಡಿಸಿರುವುದಿಲ್ಲ.

ಹಿಂಸೆಯ ಮಾತು ಬಂದಾಗ

ಬರುತ್ತದೆ. ರಕ್ತಹೀನತೆಯ ಪ್ರಶ್ನೆ ಕೇಳುತ್ತಿದ್ದಾಗಲೇ ಬರುತ್ತದೆ. ಹೀಗಾಗಿ ಮೊದಲೇ ತಯಾರಿ ಇರಬೇಕು.

ವಿಶ್ವ ಆರೋಗ್ಯ ಸಂಸ್ಥೆ ಈ ಬಗೆಯ ಸಂಶೋಧನೆಗೆ ಕೊಟ್ಟ ಸೂಚನೆಗಳಲ್ಲಿ ಕೆಲವನ್ನು ಇಂಟರ್ನ್‌ಗಳೂ ಬಾಯಿಪಾಠ ಮಾಡಬೇಕು. ಒಂದು ಮನೆಯಲ್ಲಿ ಒಬ್ಬ ಮಹಿಳೆಯನ್ನು ಮಾತ್ರ ಈ ಪ್ರಶ್ನೆ ಕೇಳಬೇಕು. ಇಲ್ಲದಿದ್ದರೆ ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಗೊತ್ತಾಗಿ ಜಗಳವಾಗುತ್ತದೆ. ಮಾತು ಒಬ್ಬರೇ ಇದ್ದಾಗ ನಡೆಯಬೇಕು. ಅತ್ತೆಯೋ ಗಂಡನೋ ಒಳಗೆ ಬಂದರೆ ತಕ್ಷಣ ಮಗುವಿನ ಲಸಿಕೆಯಂಥ ಸಾಮಾನ್ಯ ವಿಷಯಕ್ಕೆ ಮಾತು ತಿರುಗಿಸಬೇಕು. ಹಾಗೆ ತಿರುಗಿಸಲು ಎರಡು ಮೂರು ಪ್ರಶ್ನೆ ಮೊದಲೇ ಇಟ್ಟುಕೊಂಡಿರಿ.

ಸಲಹೆ ಕೊಡಬೇಡಿ. 'ಬಿಟ್ಟು ಬನ್ನಿ' ಅನ್ನುವುದು ಸುಲಭ. ಆಕೆ ಎಲ್ಲಿಗೆ ಬರಬೇಕು, ಮಕ್ಕಳು ಏನಾಗಬೇಕು ಅನ್ನುವ ಲೆಕ್ಕ ಆಕೆ ನಿಮಗಿಂತ ಚೆನ್ನಾಗಿ ಹಾಕಿರುತ್ತಾಳೆ. ಕೇಳಿಸಿಕೊಳ್ಳಿ, ನಂಬಿ, ಸಹಾಯ ಎಲ್ಲಿ ಸಿಗುತ್ತದೆ ಅಂತ ಹೇಳಿ. ಮಹಿಳಾ ಸಹಾಯವಾಣಿ 181, ತುರ್ತಿಗೆ 112, ಮನಸ್ಸಿನ ಸಂಕಟಕ್ಕೆ ಟೆಲಿ ಮಾನಸ್ 14416, ಮಕ್ಕಳಿಗೆ 1098. ಸಖಿ ಒನ್ ಸ್ಟಾಪ್ ಕೇಂದ್ರದಲ್ಲಿ ಚಿಕಿತ್ಸೆ, ಕಾನೂನು, ಆಪ್ತಸಮಾಲೋಚನೆ ಒಂದೇ ಕಡೆ ಸಿಗುತ್ತದೆ. 2005ರ ಕೌಟುಂಬಿಕ ಹಿಂಸೆ ಕಾನೂನಿನ ಕೆಳಗೆ ನಮ್ಮ ರಾಜ್ಯದಲ್ಲಿ ರಕ್ಷಣಾಧಿಕಾರಿ ಆಗಿರುವವರು ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂದರೆ ಜನ ಸಿಡಿಪಿಒ ಅನ್ನುವವರು. ಈ ನಂಬರ್‌ಗಳನ್ನು ಚೀಟಿಯಲ್ಲಿ ಬರೆದುಕೊಡುವ ಮುಂಚೆ, ಆ ಚೀಟಿ ಮನೆಯಲ್ಲಿ ಸಿಕ್ಕರೆ ಆಕೆಗೆ ತೊಂದರೆಯೇ ಅಂತ ಕೇಳಿ.

ಮಕ್ಕಳ ವಿಷಯದಲ್ಲಿ ಕಾನೂನು ಬೇರೆ. 18 ತುಂಬದ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದರೆ ಪೋಕ್ಸೊ ಕಾನೂನಿನ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಅದಕ್ಕೇ ಮಗುವಿಗೆ 'ಯಾರಿಗೂ ಹೇಳಲ್ಲ' ಅಂತ ಎಂದೂ ಮಾತು ಕೊಡಬೇಡಿ. ಅದೇ ದಿನ ಮೇಲ್ವಿಚಾರಕರಿಗೆ ಹೇಳಿ, ಒಬ್ಬರೇ ಹೊತ್ತುಕೊಂಡು ಕೂರಬೇಡಿ.

ಇಂಥದ್ದನ್ನು ಕೇಳಿ ಬಂದ ರಾತ್ರಿ ನಿದ್ದೆ ಬರದಿರುವುದು ಸಹಜ. ಮೇಲ್ವಿಚಾರಕರ ಜೊತೆ ಮಾತಾಡಿ. ಹಾಸ್ಟೆಲ್ ರೂಮಿನಲ್ಲಿ ಗೆಳತಿಯರಿಗೆ ಹೆಸರು, ಊರು ಸಮೇತ ಹೇಳಿ ಹಗುರಾಗುವುದು ಮಾತ್ರ ಬೇಡ. ವಾಪಸ್ ಬರುವಾಗ ಬಸ್ಸಿನಲ್ಲಿ ಫೋನಿನಲ್ಲಿ ಹೇಳುವುದಂತೂ ಬೇಡವೇ ಬೇಡ. ಪಕ್ಕದ ಸೀಟಿನವರು ಅದೇ ಬೀದಿಯವರಿರಬಹುದು.

ಮಾಹಿತಿ, ಫೋಟೊ, ವರದಿ

ಒಂದೂವರೆ ತಿಂಗಳಲ್ಲಿ ನಿಮ್ಮದೇ ಹೊಸ ಸಮೀಕ್ಷೆ ಮಾಡುವ ಆಸೆ ಬಿಡಿ. ಜನರಿಂದ ಮಾಹಿತಿ ಪಡೆಯುವ ಆರೋಗ್ಯ ಸಂಶೋಧನೆಗೆ ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿ ಪ್ರಕಾರ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಅದಕ್ಕೇ ನಿಮ್ಮ ರಜೆ ಮುಗಿದುಹೋಗುತ್ತದೆ. ನಡೆಯುತ್ತಿರುವ ಅಧ್ಯಯನದ ಒಂದು ತುಂಡನ್ನು ತೆಗೆದುಕೊಳ್ಳಿ, ಅಥವಾ ಈಗಾಗಲೇ ಪ್ರಕಟವಾದ ಅಂಕಿಗಳ ಮೇಲೆ ಕೆಲಸ ಮಾಡಿ. ಕರ್ನಾಟಕದಲ್ಲಿ 97% ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತವೆ. ಆದರೂ 2018-20ರ ಲೆಕ್ಕದಲ್ಲಿ ಲಕ್ಷ ಜೀವಂತ ಜನನಕ್ಕೆ 69 ತಾಯಂದಿರ ಸಾವು, ದಕ್ಷಿಣದ ಐದು ರಾಜ್ಯಗಳಲ್ಲಿ ಇದೇ ಜಾಸ್ತಿ. ಕೇರಳದಲ್ಲಿ ಅದು 19. ಆಸ್ಪತ್ರೆ ತಲುಪಿದ ಮೇಲೂ ಏನು ತಪ್ಪುತ್ತಿದೆ ಅನ್ನುವ ಒಂದೇ ಪ್ರಶ್ನೆಗೆ ಇರುವ ವರದಿಗಳನ್ನೆಲ್ಲ ಓದಿ ಹತ್ತು ಪುಟ ಬರೆದರೆ ಅದೇ ಒಳ್ಳೆಯ ಇಂಟರ್ನ್‌ಶಿಪ್.

ಕ್ಷೇತ್ರದ ಟಿಪ್ಪಣಿಯಲ್ಲಿ ಹೆಸರಿನ ಬದಲು ಸಂಕೇತ ಬಳಸಿ. ಸಂದರ್ಶನದ ಧ್ವನಿಯನ್ನು ಉಚಿತ ಆ್ಯಪ್‌ಗಳಿಗೆ ಹಾಕಿ ಬರಹ ಮಾಡಿಸಬೇಡಿ. ಆ ಧ್ವನಿ ಎಲ್ಲಿಗೆ ಹೋಯಿತು ಅಂತ ಆಮೇಲೆ ಯಾರೂ ಹೇಳಲಾರರು. ಇನ್‌ಸ್ಟಾಗ್ರಾಂಗೆ ಬಡಾವಣೆಯ ಮಕ್ಕಳ ಜೊತೆ ಸೆಲ್ಫಿ ಬೇಡ. ಕೇಳಿಕೊಂಡೇ ತೆಗೆದೆ ಅಂದರೂ ಬೇಡ, ಮುಂದೆ ಕೂತ ಓದಿದ ಹುಡುಗಿಗೆ ಬೇಡ ಅನ್ನಲು ಆ ತಾಯಿಗೆ ಎಷ್ಟು ಧೈರ್ಯ ಇರುತ್ತದೆ?

ಕಾಲೇಜಿಗೆ ವರದಿ ಇಂಗ್ಲಿಷ್‌ನಲ್ಲಿ ಕೊಡಬೇಕಿದ್ದರೆ ಕೊಡಿ. ಅದರ ಜೊತೆ ಒಂದೇ ಪುಟದ ಕನ್ನಡ ಸಾರಾಂಶ ಬರೆದು ಆಶಾ ಅಕ್ಕನಿಗೆ, ಅಂಗನವಾಡಿ ಟೀಚರ್‌ಗೆ, ಸಾಧ್ಯವಾದರೆ ಬಡಾವಣೆಯ ಮಹಿಳಾ ಆರೋಗ್ಯ ಸಮಿತಿಯ ಸಭೆಗೆ ಕೊಡಿ, ಓದಿ ಹೇಳಿ. 'ಇದು ಹೀಗಲ್ಲಮ್ಮ' ಅಂತ ಅವರು ತಿದ್ದಿದರೆ ಆ ತಿದ್ದುಪಡಿ ವರದಿಗೂ ಹೋಗಬೇಕು. ಅದಕ್ಕೆ ಕೊನೆಯ ವಾರದಲ್ಲಿ ಎರಡು ದಿನ ತೆಗೆದಿಡಿ.

ಹೊರಡುವ ಮುಂಚೆ

ಪ್ರಮಾಣಪತ್ರದಲ್ಲಿ 'ಇಂಟರ್ನ್‌ಶಿಪ್ ಮುಗಿಸಿದ್ದಾರೆ' ಅಂತ ಒಂದೇ ಸಾಲು ಇದ್ದರೆ ಅದರಿಂದ ಮುಂದೆ ಪ್ರಯೋಜನ ಕಡಿಮೆ. ಏನು ಕೆಲಸ ಮಾಡಿದಿರಿ, ಯಾವ ಬಡಾವಣೆ, ಯಾವ ಭಾಷೆಗಳಲ್ಲಿ, ಯಾವ ಉಪಕರಣ ಬಳಸಿದಿರಿ ಅನ್ನುವುದು ಇರಲಿ. ಕರಡನ್ನು ನೀವೇ ಬರೆದುಕೊಟ್ಟರೆ ಹೆಚ್ಚಿನವರು ಖುಷಿಯಿಂದ ಸಹಿ ಹಾಕುತ್ತಾರೆ. ಮುಂದೆ ಎಂಪಿಎಚ್‌ಗೋ (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ) ಕೆಲಸಕ್ಕೋ ಅರ್ಜಿ ಹಾಕುವಾಗ ಶಿಫಾರಸು ಕೇಳಬಹುದಾ ಅಂತ ಆಗಲೇ ಕೇಳಿಟ್ಟುಕೊಳ್ಳಿ.

ಮೊಬೈಲ್‌ನಲ್ಲಿರುವ ಧ್ವನಿ, ಫೋಟೊ, ಫಾರ್ಮ್‌ಗಳನ್ನು ಸಂಸ್ಥೆಗೆ ಒಪ್ಪಿಸಿ ನಿಮ್ಮ ಕಡೆಯಿಂದ ಅಳಿಸಿ. ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದನ್ನೂ, ಗೂಗಲ್ ಡ್ರೈವ್‌ಗೆ ತಾನಾಗೇ ಹೋಗಿ ಕೂತಿದ್ದನ್ನೂ ಮರೆಯಬೇಡಿ. ಕ್ಷೇತ್ರದಲ್ಲಿ ಯಾರಾದರೂ ನಿಮ್ಮ ನಂಬರ್ ಇಟ್ಟುಕೊಂಡಿದ್ದರೆ, ಮುಂದೆ ಏನಾದರೂ ಬೇಕಾದಾಗ ಯಾರಿಗೆ ಫೋನ್ ಮಾಡಬೇಕು ಅಂತ ಸಂಸ್ಥೆಯವರ ಹೆಸರು ನಂಬರ್ ಕೊಟ್ಟು ಹೊರಡಿ.